ನಿಂಬೆಹಣ್ಣಿನ ತೂಕದ ಪುಟ

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಫೋನು ಈಗಿಂದೀಗಲೇ ಕಣ್ಣು ಮುಚ್ಚಲಿ, ಮೇಡಂ. ನೋಡಿ, ಚಾರ್ಜು ಮುಕ್ಕಾಲು ಭಾಗ ಇದೆ, ಇದರಲ್ಲಿ ಮೋಸ ಇಲ್ಲ. ಹಿಂದಿನ ಕಂಪನಿ ಯಾಕೆ ಬಿಟ್ಟಿರಿ ಎಂದು ಕೇಳಿದಿರಿ. ಬೇರೆಯವರಾಗಿದ್ದರೆ ಹೊಸ ಸವಾಲು, ಹೊಸ ಕಲಿಕೆ ಎಂದೇನೋ ಹೇಳಿ ಮುಗಿಸಿ ಕಾಫಿ ಕುಡಿದು ಹೋಗುತ್ತಿದ್ದರು. ನನಗೆ ಆ ಥರದ ಸುಳ್ಳು ಬಾಯಿಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾನು ಕೆಲಸಕ್ಕಿದ್ದ ಊರು ನಕ್ಷೆಯಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಅಲ್ಲಿ ಫೋನಿನಲ್ಲಿ ಯಾವ ಪುಟ ತೆರೆದರೂ ಆ ಪುಟದ ತೂಕ ಫೋನಿಗೆ ಬರುತ್ತದೆ. ಹಾಗೇಕೆ ಎಂದು ಆ ಊರಲ್ಲಿ ಯಾರೂ ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿಲ್ಲ. ಮಳೆ ಬಂದರೆ ನೆನೆಯುತ್ತೇವೆ, ಪುಟ ತೆರೆದರೆ ಕೈ ಜಗ್ಗುತ್ತದೆ, ಅಷ್ಟೇ. ನಾಲ್ಕು ಸಾಲಿನ ಸುದ್ದಿ ಸೌಟಿನಷ್ಟು ಭಾರ. ಅದಕ್ಕೆ ವಿಡಿಯೊ ಸೇರಿ, ಮೂಲೆಯಿಂದ ಜಾಹೀರಾತು ಹಾರಿ ಬಂದು ಕೂತರೆ ರುಬ್ಬುಗುಂಡಿನಷ್ಟು. ಅಲ್ಲಿನ ದರ್ಜಿಗಳು ಅಂಗಿಗೆ ಜೇಬು ಹೊಲಿಯುವುದನ್ನು ಎಂದೋ ಬಿಟ್ಟಿದ್ದಾರೆ. ಬ್ಯಾಂಕಿನ ಪುಟ ತೆರೆಯಬೇಕೆಂದರೆ ಪಕ್ಕದ ಮನೆಯವರು ಬಂದು ಆ ಕಡೆ ಈ ಕಡೆ ಹಿಡಿದುಕೊಳ್ಳಬೇಕು. ಹಾಗಾಗಿ ಯಾರ ಖಾತೆಯಲ್ಲಿ ಏನಿದೆ ಎಂಬುದು ಬೀದಿಗೆಲ್ಲ ಗೊತ್ತು, ಜಂಬ ಕೊಚ್ಚಿಕೊಳ್ಳುವವರೂ ಕಡಿಮೆ. ಗಂಡು ಹೆಣ್ಣು ಹುಡುಕುವ ಪುಟವನ್ನು ಛತ್ರದಲ್ಲೇ ತೆರೆಯುವುದು. ಸೋದರಮಾವಂದಿರು ನಾಲ್ವರು ಬೇಕು. ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಆ ಸಂಬಂಧ ಕೂಡಿಬರುವುದಿಲ್ಲ ಎಂದು ಅರ್ಥ. ಆಟೋ ಹತ್ತಿದರೆ ಡ್ರೈವರ್ ಮೊದಲೇ ಎಚ್ಚರಿಸುತ್ತಾನೆ: "ಸಾರ್, ಕೂತ್ಕೊಂಡು ಏನೂ ಓಪನ್ ಮಾಡ್ಬೇಡಿ. ಹೋದ್ ವಾರ ಒಬ್ರು ಹೆಂಗಸರು ಸೀರೆ ಅಂಗಡಿ ಓಪನ್ ಮಾಡಿದ್ರು, ಹಿಂದಿನ್ ಟೈರು ಢಂ ಅಂತು." ಪ್ರೀತಿ ಮಾಡುವವರು ಮಾತ್ರ ಆರಾಮಾಗಿರುತ್ತಾರೆ. 'ಊಟ ಆಯ್ತಾ' ಎಂಬುದಕ್ಕೆ ತೂಕವೇ ಇಲ್ಲ.

ನಮ್ಮ ಕಂಪನಿಯ ಹೆಸರು ಜಲಸೂಚಿ. ನಿಮ್ಮ ಬೀದಿಗೆ ನಲ್ಲಿ ನೀರು ಯಾವಾಗ ಬರುತ್ತದೆ ಎಂದು ಹೇಳುವ ಪುಟವೊಂದನ್ನು ಮುನಿಸಿಪಾಲಿಟಿಗೆ ಮಾಡಿಕೊಟ್ಟು, ಅದನ್ನು ನೋಡಿಕೊಂಡು ಹೋಗುವುದು ನಮ್ಮ ಕೆಲಸ. ಮೊದಲು ಅದನ್ನು ಕಟ್ಟಿದವಳು ಕುಸುಮಾಕ್ಷಿ. ಆಗ ಆಫೀಸಿನಲ್ಲಿ ಇದ್ದದ್ದು ಅವಳು, ಮ್ಯಾನೇಜರ್ ಜಯಸಿಂಹ ಮತ್ತು ಒಂದು ಟೇಬಲ್ ಫ್ಯಾನು. ಪುಟದ ಮೇಲ್ಗಡೆ ಮುನಿಸಿಪಾಲಿಟಿಯ ಆಗಿನ ಅಧ್ಯಕ್ಷರ ಸಣ್ಣ ಫೋಟೋ, ಕೆಳಗೆ 'ನಾಳೆ ಬೆಳಗ್ಗೆ ಬರುತ್ತದೆ' ಎಂದು ಒಂದು ಸಾಲು. ಜನ ಒಂದು ಕೈಯಲ್ಲಿ ಹಲ್ಲುಜ್ಜುತ್ತ ಇನ್ನೊಂದು ಕೈಯಲ್ಲಿ ಅದನ್ನು ನೋಡುತ್ತಿದ್ದರು.

ಪುಟ ಚೆನ್ನಾಗಿ ನಡೆಯಿತು. ಚೆನ್ನಾಗಿ ನಡೆಯುತ್ತಿರುವುದನ್ನು ಅದರ ಪಾಡಿಗೆ ಬಿಟ್ಟರೆ ಅದು ಕಂಪನಿ ಹೇಗಾದೀತು? ಜಯಸಿಂಹ ಒಬ್ಬೊಬ್ಬರಾಗಿ ಜನರನ್ನು ಸೇರಿಸಿಕೊಂಡ. ಒಳ್ಳೆಯ ಮನುಷ್ಯ, ಹೆಂಡತಿಗೂ 'ನಿಮ್ಮ ಸಲಹೆಗೆ ಧನ್ಯವಾದ' ಎನ್ನುವ ಪೈಕಿ. ಆದರೆ ಅವನದೊಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಪ್ರತಿಯೊಬ್ಬರನ್ನೂ ಕರೆದು, ಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, "ಇದ್ರಲ್ಲಿ ನಿಮ್ದು ಯಾವುದು, ಬೆರಳಿಟ್ಟು ತೋರ್ಸಿ" ಎನ್ನುತ್ತಿದ್ದ. ಬೆರಳಿಡಲು ಜಾಗ ಇದ್ದವರಿಗೆ ಕೆಲಸ ಇರುತ್ತಿತ್ತು. ಹಾಗಾದ ಮೇಲೆ ಸುಮ್ಮನೆ ಕೂರುವುದಕ್ಕೆ ಯಾರಿಗೆ ಧೈರ್ಯ ಬರುತ್ತದೆ? ಒಬ್ಬ ತುಂಬಿ ಚೆಲ್ಲುವ ಕೊಡದ ಚಿತ್ರ ಹಾಕಿದ. ಇನ್ನೊಬ್ಬಳು 'ನೀವು ಇಂದು ಸಂತೋಷವಾಗಿದ್ದೀರಾ?' ಎಂದು ಕೇಳುವ ಪೆಟ್ಟಿಗೆ ತಂದಳು. ಆ ಪೆಟ್ಟಿಗೆಯನ್ನು ಮುಚ್ಚುವ ಗುಂಡಿ ಬೇರೆಯವನದು, ಅವರಿಬ್ಬರಿಗೂ ಮಾತಿಲ್ಲ. ಕುಸುಮಾಕ್ಷಿಯ ಪಕ್ಕದ ಕುರ್ಚಿಯ ಫಿಲೋಮಿನಾ ಒಂದು ಗಿಣಿ ಮಾಡಿದಳು. ಅದು ಮೂಲೆಯಲ್ಲಿ ರೆಕ್ಕೆ ಬಡಿಯುತ್ತ, "ನಮಸ್ಕಾರ, ನಾನು ಹೇಗೆ ನೆರವಾಗಲಿ?" ಎನ್ನುತ್ತಿತ್ತು. ನೀರು ಯಾವಾಗ ಎಂದು ಕೇಳಿದರೆ, "ನಿಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯ" ಎಂದು ಮತ್ತೆ ರೆಕ್ಕೆ ಬಡಿಯುತ್ತಿತ್ತು.

ನನ್ನದು ಹಿಮ. ಪುಟ ತೆರೆದ ಕೂಡಲೇ ಮೇಲಿನಿಂದ ಬಿಳಿ ಬಿಳಿಯಾಗಿ ಹಿಮ ಉದುರುತ್ತಿತ್ತು. ಆ ಊರಿನಲ್ಲಿ ಎಂದೂ ಹಿಮ ಬಿದ್ದದ್ದಿಲ್ಲವಲ್ಲ ಎಂದು ನೀವು ಕೇಳಬಹುದು. ಅದಕ್ಕೇ ತಾನೆ ಬೇಕಾಗಿದ್ದದ್ದು?

ಪ್ರತಿ ಶುಕ್ರವಾರ ಪುಟವನ್ನು ತೂಗಿಸಬೇಕೆಂದು ಮುನಿಸಿಪಾಲಿಟಿಯ ಕಟ್ಟಳೆ. ಊರಿನಲ್ಲಿ ನಂಬಿಕಸ್ಥ ತಕ್ಕಡಿ ಇದ್ದದ್ದು ಬೆಲ್ಲದ ಮಂಡಿಯಲ್ಲಿ, ಹಾಗಾಗಿ ನಮ್ಮ ಲೆಕ್ಕವೆಲ್ಲ ಬೆಲ್ಲದ ಅಚ್ಚಿನಲ್ಲೇ. ತೂಗುವ ಮುನಿಯಪ್ಪ ಒಂದು ತಟ್ಟೆಯಲ್ಲಿ ಫೋನು, ಇನ್ನೊಂದರಲ್ಲಿ ಅಚ್ಚುಗಳನ್ನು ಇಡುತ್ತಿದ್ದ. ಅಭ್ಯಾಸಬಲದಿಂದ ಫೋನಿನ ಕಡೆಗೆ ಹೆಬ್ಬೆರಳು ಒತ್ತಿಯೇ ತೂಗುತ್ತಿದ್ದ. "ಏನಪ್ಪಾ, ಬೆರಳು ತೆಗಿ" ಎಂದರೆ, "ಇಪ್ಪತ್ತೊರ್ಸದ ಬೆರಳು ಸ್ವಾಮಿ, ನಾನ್ ಹೇಳಿದ್ರೂ ಕೇಳಲ್ಲ" ಎನ್ನುತ್ತಿದ್ದ. ಅವನ ಬೆರಳನ್ನು ಕಳೆದರೂ ನಮ್ಮ ಪುಟ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ಕಡೆಕಡೆಗೆ ಫೋನಿನ ತಟ್ಟೆ ಮೇಲೇಳಲು ಮಂಡಿಯ ಬೆಲ್ಲ ಸಾಲದೆ ಮುನಿಯಪ್ಪ ತಾನೇ ಹತ್ತಿ ಕೂರುವಂತಾಯಿತು. ಜಯಸಿಂಹ ಗಾಬರಿಯಾಗಿ ತೂಕ ಇಳಿಸಲು ಒಂದು ಸಮಿತಿ ಮಾಡಿದ. ಸಮಿತಿಯವರು 'ನಾವು ಹಗುರವಾಗುತ್ತಿದ್ದೇವೆ' ಎಂದು ಪುಟದ ನೆತ್ತಿಗೊಂದು ಮಿನುಗುವ ಪಟ್ಟಿ ಅಂಟಿಸಿದರು. ಅದೊಂದೇ ಮೂರು ಅಚ್ಚು ತೂಗಿತು.

ಹೀಗಿರುವಾಗ ಮೇಲಿನ ಬೀದಿಯ ಸಾವಂತ್ರಮ್ಮ ಒಂದು ದಿನ ಮುನಿಸಿಪಾಲಿಟಿಗೆ ನಡೆದಳು. ಹಿಂದೆ ಇಬ್ಬರು ಮೊಮ್ಮಕ್ಕಳು ಅವಳ ಫೋನನ್ನು ತಳ್ಳುಗಾಡಿಯಲ್ಲಿ ತರುತ್ತಿದ್ದರು. ಅಧ್ಯಕ್ಷರ ಮೇಜಿನ ಮೇಲೆ ಅದನ್ನಿಟ್ಟು ನಮ್ಮ ಪುಟ ತೆರೆದಳು. ಮೇಜಿನ ಮುಂದಿನ ಎರಡು ಕಾಲು ಒಟ್ಟಿಗೆ ಮುರಿದವು, ಅಧ್ಯಕ್ಷರ ಕಾಫಿ ಅಧ್ಯಕ್ಷರ ಮೇಲೆಯೇ ಬಿತ್ತು.

"ನೀರು ಯಾವಾಗ ಬತ್ತದೆ ಅಂತ ನೋಡಕ್ಕೆ ನಾನು ಈ ವಯಸ್ಸಲ್ಲಿ ಗರಡಿಮನೆ ಸೇರ್ಬೇಕೇನ್ರೀ?" ಎಂದಳು.

ಅಧ್ಯಕ್ಷರು ಪಂಚೆ ಒರೆಸಿಕೊಳ್ಳುತ್ತಲೇ ಅಪ್ಪಣೆ ಕೊಟ್ಟರು. ಯುಗಾದಿಯ ಹೊತ್ತಿಗೆ ಪುಟ ಒಂದು ನಿಂಬೆಹಣ್ಣಿನ ತೂಕಕ್ಕೆ ಇಳಿಯಬೇಕು, ಹೆಚ್ಚೂ ಆಗಬಾರದು ಕಡಿಮೆಯೂ ಆಗಬಾರದು. ಇಲ್ಲವಾದರೆ ಜಲಸೂಚಿಯ ಗುತ್ತಿಗೆ ರದ್ದು. ಮುನಿಸಿಪಾಲಿಟಿ ಬಿಟ್ಟರೆ ನಮಗೆ ಬೇರೆ ಗಿರಾಕಿಯೇ ಇರಲಿಲ್ಲ.

ಜಯಸಿಂಹ ಕುಸುಮಾಕ್ಷಿಯನ್ನು ಒಳಗೆ ಕರೆದ. ಬಾಗಿಲು ಮುಚ್ಚಿತ್ತು, ಆದರೆ ಆ ಆಫೀಸಿನ ಗೋಡೆ ಪ್ಲೈವುಡ್ಡಿನದು, ದೇವರು ದೊಡ್ಡವನು.

"ಕುಸುಮಾಕ್ಷಿಯವ್ರೇ, ನಾವೆಲ್ಲ ಒಂದು ಕುಟುಂಬ."

"ಯಾರನ್ನ ತೆಗಿತೀರಿ ಸಾರ್?"

"ಛೆ, ಛೆ. ನಾನ್ಯಾಕೆ ತೆಗೀಲಿ? ನೀವು ಪುಟದಿಂದ ತೆಗೀರಿ. ಯಾರಿಗೆ ಬೆರಳಿಡೋಕೆ ಜಾಗ ಉಳಿಯಲ್ವೋ, ಅವ್ರಿಗೆ ನಾನು ಗೌರವದಿಂದ ಒಂದು ಮೇಲ್ ಕಳಿಸ್ತೀನಿ."

ಅಂದರೆ ಮೇಡಂ, ಅರ್ಥವಾಯಿತಲ್ಲ? ಪುಟ ಹಗುರವಾಗದಿದ್ದರೆ ಎಲ್ಲರ ಕೆಲಸವೂ ಹೋಗುತ್ತದೆ. ಹಗುರವಾದರೆ ಯಾವುದನ್ನು ಕಿತ್ತಳೋ ಅದರವರ ಕೆಲಸ ಹೋಗುತ್ತದೆ. ಕೀಳುವ ಕೈ ಕುಸುಮಾಕ್ಷಿಯದು. ಅವಳು ಹೊರಗೆ ಬಂದು ಕನ್ನಡಕವನ್ನು ನೆತ್ತಿಗೇರಿಸಿ, ಅದೇ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕಿದಳು.

ಮಾರನೆಯ ದಿನದಿಂದ ಅವಳ ಮನೆಗೆ ಸಂಬಂಧಿಕರಿಗಿಂತ ಹೆಚ್ಚಾಗಿ ನಾವು ಹೋಗತೊಡಗಿದೆವು. ಕೊಡದ ಚಿತ್ರ ಹಾಕಿದವನು ಹಲಸಿನ ಹಪ್ಪಳದ ಕಟ್ಟು ತಂದು, "ಅಕ್ಕಾ, ಕೊಡ ಖಾಲಿ ಮಾಡಿ ಇಡ್ತೀನಿ, ತೂಕ ಅರ್ಧ ಆಗುತ್ತೆ" ಎಂದ. ಸಂತೋಷ ಕೇಳುವವಳು ಗೇಟಿನ ಬಳಿಯೇ ಅತ್ತಳು. ಅವಳ ಪೆಟ್ಟಿಗೆ ಮುಚ್ಚುವವನು ಹಿಂದೆಯೇ ಬಂದು, "ಮೊದ್ಲು ಅವಳ್ದು ತೆಗೀರಿ, ಆಮೇಲೆ ನನ್ದು ನೋಡೋಣ" ಎಂದ. ಅವಳದು ತೆಗೆದರೆ ಇವನು ಮುಚ್ಚುವುದೇನನ್ನು ಎಂದು ಅವನಿಗೆ ಹೊಳೆದದ್ದು ಮನೆ ಸೇರಿದ ಮೇಲೆ. ನಾನು ಯಾವ ಆಮಿಷವನ್ನೂ ಒಡ್ಡಲಿಲ್ಲ. ಎಳೆ ಸೌತೆಕಾಯಿ ಕೊಟ್ಟು ಬಂದೆ, ತರಕಾರಿಯನ್ನು ಯಾರೂ ಆಮಿಷ ಎನ್ನುವುದಿಲ್ಲ.

ಬಾರದೇ ಇದ್ದವಳು ಫಿಲೋಮಿನಾ ಒಬ್ಬಳೇ. ಅವಳಿಗೆ ಐವತ್ತು ದಾಟಿತ್ತು, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ, ಮತ್ತು ಆ ಊರಿನಲ್ಲಿ ಗಿಣಿ ಮಾಡುವವರಿಗೆ ಇನ್ನೊಂದು ಕೆಲಸ ಸಿಗುವ ಹಾಗಿರಲಿಲ್ಲ. ಅವಳೂ ಕುಸುಮಾಕ್ಷಿಯೂ ಮೊದಲಿನಿಂದ ಅಕ್ಕಪಕ್ಕ ಕೂತವರು, ಮಧ್ಯಾಹ್ನದ ಊಟ ಒಟ್ಟಿಗೆ. ಆ ವಾರ ಕುಸುಮಾಕ್ಷಿಯೇ ಮಾತು ತೆಗೆದಳು. ನಾನು ಹಿಂದಿನ ಮೇಜಿನಲ್ಲಿ ನನ್ನ ಪಾಡಿಗೆ ಮೊಸರನ್ನ ಕಲಸುತ್ತ ಏನೂ ಕೇಳಿಸಿಕೊಳ್ಳದೆ ಇದ್ದೆ.

"ಫಿಲ್ಲಿ, ನಿನ್ ಗಿಣಿ ನಾಲ್ಕು ಅಚ್ಚು ತೂಗುತ್ತೆ ಕಣೇ."

"ಗೊತ್ತು."

"ಎಲ್ರೂ ಬಂದು ಹೋದ್ರು. ನೀನು ಒಂದ್ ಮಾತೂ ಆಡ್ಲಿಲ್ಲ."

"ಏನ್ ಆಡ್ಲಿ ಕುಸುಮಾ? ತೆಗೀಬೇಡ ಅಂದ್ರೆ ನೀನು ತೆಗಿಯಲ್ಲ, ನಂಗೊತ್ತು. ಆಮೇಲೆ ಎಲ್ರೂ ಒಟ್ಟಿಗೆ ಮನೆಗೆ. ತೆಗಿ ಅನ್ನೋಕೆ ನಾನೇನ್ ಸಂತಳಲ್ಲ. ಕಡ್ಲೆಕಾಳ್ ಪಲ್ಯ ಹಾಕ್ಕೋ, ಆರೋಗುತ್ತೆ."

ಕುಸುಮಾಕ್ಷಿ ಪಲ್ಯ ಹಾಕಿಕೊಂಡಳು. ತಿಂದದ್ದನ್ನು ನಾನು ಕಾಣಲಿಲ್ಲ.

ಯುಗಾದಿ ಹತ್ತಿರ ಬಂತು. ಒಂದೊಂದಾಗಿ ಕಿತ್ತರೆ ಒಬ್ಬೊಬ್ಬರ ಮುಖ ನೋಡಬೇಕಾಗುತ್ತದೆ ಎಂದು ಕುಸುಮಾಕ್ಷಿ ಒಂದು ಬೆಳಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು, ಎಲ್ಲವನ್ನೂ ಒಂದೇ ಸಲಕ್ಕೆ ಕಿತ್ತು ಹಾಕಿದಳು. ಕೊಡ, ಪೆಟ್ಟಿಗೆ, ಪೆಟ್ಟಿಗೆ ಮುಚ್ಚುವ ಗುಂಡಿ, ಗಿಣಿ, ಸಮಿತಿಯ ಪಟ್ಟಿ, ನನ್ನ ಹಿಮ. ಈಗಿನ ಅಧ್ಯಕ್ಷರ ಫೋಟೋ ಎರಡು ತೆಂಗಿನಕಾಯಿ ತೂಗುತ್ತಿದ್ದುದರಿಂದ ಅದನ್ನೂ ಬಿಡಲಿಲ್ಲ. ಉಳಿದದ್ದು ಒಂದೇ ಸಾಲು. ನಾಳೆ ಬೆಳಗ್ಗೆ ಬರುತ್ತದೆ.

ನಾವೆಲ್ಲ ಅವಳ ಹಿಂದೆ ಮಂಡಿಗೆ ಹೋದೆವು. ಮುನಿಯಪ್ಪ ಫೋನನ್ನು ತಟ್ಟೆಯಲ್ಲಿಟ್ಟು ಹೆಬ್ಬೆರಳು ಎತ್ತಿದ. ಫೋನೂ ಎದ್ದಿತು. ನಿಧಾನವಾಗಿ, ಹಬ್ಬದ ಊಟ ಮುಗಿಸಿದ ಹಿರಿಯರು ಎಲೆಯ ಮುಂದಿನಿಂದ ಏಳುವ ಹಾಗೆ ಎದ್ದು, ನಮ್ಮ ತಲೆಗಳ ಮೇಲೆ ಹಾದು, ಮಂಡಿಯ ಸೂರಿಗೆ ಹೋಗಿ ಅಂಟಿಕೊಂಡಿತು. ಅಲ್ಲಿದ್ದ ಗುಬ್ಬಿಗಳು ಜಾಗ ಬಿಟ್ಟುಕೊಟ್ಟವು.

"ಅಕ್ಕಾ," ಎಂದ ಮುನಿಯಪ್ಪ ಕತ್ತೆತ್ತಿ ನೋಡುತ್ತ, "ಇದಕ್ಕೆ ತೂಕ ಕಟ್ಟೋದ್ ಹೆಂಗೆ? ಬೆಲ್ಲಾನ ನಾನೇ ಎದುರು ಕೊಡ್ಬೇಕಾಯ್ತದೆ."

ಮಾರನೆಯ ಬೆಳಗಿನ ದೃಶ್ಯವನ್ನು ನೀವು ನೋಡಬೇಕಿತ್ತು ಮೇಡಂ. ನೀರಿನ ಹೊತ್ತಿಗೆ ಇಡೀ ಊರು ಪುಟ ತೆರೆಯುತ್ತದೆ. ತೆರೆದವರ ಕೈಯಿಂದೆಲ್ಲ ಫೋನುಗಳು ಹಾರಿದವು. ತೆಂಗಿನ ಗರಿಗಳ ನಡುವೆ, ಟ್ಯಾಂಕಿನ ಮೇಲೆ, ಸಿನಿಮಾ ಥಿಯೇಟರಿನ ಕಟೌಟಿನ ಕಿವಿಯ ಹತ್ತಿರ, ಎಲ್ಲಿ ನೋಡಿದರೂ ಫೋನು. ಮನೆಗೊಬ್ಬರು ಮಾವಿನಕಾಯಿ ಕೀಳುವ ದೋಟಿ ಹಿಡಿದು ಬೀದಿಗಿಳಿದಿದ್ದರು. ಒಂದಷ್ಟು ಜನ ದಾರ ಕಟ್ಟಿ ಹಿಡಿದುಕೊಂಡು, ಗಾಳಿಪಟ ಬಿಟ್ಟ ಹಾಗೆ ತಿರುಗುತ್ತಿದ್ದರು. ನೀರು ಬಂತು, ಹೋಯಿತು, ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ. ಸಾವಂತ್ರಮ್ಮ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ದೋಟಿ ಊರಿಕೊಂಡು ನಿಂತಳು.

"ಮೊದ್ಲು ಎತ್ತಕ್ಕಾಯ್ತಿರ್ಲಿಲ್ಲ, ಈಗ ಹಿಡಿಯಕ್ಕಾಯ್ತಿಲ್ಲ. ಮಧ್ಯದಲ್ಲಿ ಎಲ್ಲಾದ್ರೂ ನಿಲ್ಲೋದು ನಿಮಗೆ ಯಾರೂ ಕಲಿಸ್ಲಿಲ್ವೇನ್ರಪ್ಪಾ?"

ಒಳಗೆ ಜಯಸಿಂಹನಿಗೆ ಬೇರೆಯದೇ ತಲೆಬಿಸಿ. ಅವನು ಮೂವತ್ತಕ್ಕೂ ಹೆಚ್ಚು ಮೇಲ್‌ಗಳನ್ನು ಬರೆದಿಟ್ಟುಕೊಂಡು ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ, "ಫೋನ್ ನೆಲದ ಮೇಲಿಡಿ" ಎಂದಿದ್ದ. ಆ ಊರಿನಲ್ಲಿ ಮ್ಯಾನೇಜರ್ ಹಾಗೆಂದರೆ ಕೆಲಸ ಹೋಯಿತೆಂದೇ ಅರ್ಥ. ಕೆಲಸದಿಂದ ತೆಗೆಯುವ ಮೇಲ್ ಅಷ್ಟು ಭಾರ, ನಿಂತವರ ಕೈಗೆ ಬಂದರೆ ಪಾದ ಜಜ್ಜಿ ಹೋಗುತ್ತದೆ. 'ನಿಮಗೆ ನಾಳೆಯಿಂದ ಕೆಲಸವಿಲ್ಲ' ಎಂದಷ್ಟೇ ಬರೆದರೆ ಅರ್ಧ ಇಟ್ಟಿಗೆಯಷ್ಟಿರುತ್ತದೆ. ಜಯಸಿಂಹ ಬರೆದದ್ದು ಮೂರು ಪುಟ. ನಿಮ್ಮ ಕೊಡುಗೆ ಅಪಾರ, ಇದು ಅಂತ್ಯವಲ್ಲ ಆರಂಭ, ಇತ್ಯಾದಿ. ಅಷ್ಟರಲ್ಲಿ ಅಧ್ಯಕ್ಷರ ಫೋನು ಬಂತು. ಅವರ ಸ್ವಂತ ಫೋನು ಮಾವಿನ ಮರದಲ್ಲಿದ್ದುದರಿಂದ ಹೆಂಡತಿಯ ಫೋನಿನಿಂದ ಮಾಡಿದ್ದರು. ಅವರು ಬೈದದ್ದು ನನಗೆ ನೆನಪಿದೆ, ಆದರೆ ಇದು ಆಫೀಸು.

"ಕುಸುಮಾಕ್ಷಿಯವ್ರೇ, ಏನಾದ್ರೂ ಹಾಕ್ರೀ! ಒಂದು ಬಾವುಟನಾದ್ರೂ ಹಾಕ್ರೀ!" ಎಂದು ಜಯಸಿಂಹ ಕೂಗಿಕೊಂಡ.

ಕುಸುಮಾಕ್ಷಿ ನೆಲದ ಮೇಲೆ ಸಾಲಾಗಿ ಕೂತ ನಮ್ಮನ್ನು ನೋಡಿದಳು. ಹಪ್ಪಳ ತಂದವನು, ಗೇಟಿನಲ್ಲಿ ಅತ್ತವಳು, ಫಿಲೋಮಿನಾ, ನಾನು. ಅವಳಿಗೆ ಯಾವ ಉಪಾಯವೂ ಹೊಳೆದಿರಲಿಲ್ಲ ಎಂದು ಆಮೇಲೆ ಅವಳೇ ಹೇಳಿದಳು. ಇಷ್ಟು ಜನರನ್ನು ಪುಟದಿಂದ ಕಿತ್ತು, ಇದ್ದರು ಎಂಬ ಗುರುತೂ ಇಲ್ಲದ ಹಾಗೆ ಒರೆಸಿ ಹಾಕಿದೆನಲ್ಲ ಎಂಬುದೊಂದೇ ಅವಳ ತಲೆಯಲ್ಲಿತ್ತು. ಕೂತಲ್ಲೇ ಲ್ಯಾಪ್‌ಟಾಪ್ ಎಳೆದುಕೊಂಡು, ಆ ಒಂದು ಸಾಲಿನ ಕೆಳಗೆ 'ಇದನ್ನು ಮಾಡಿದವರು' ಎಂದು ಹೊಡೆದು, ಫಿಲೋಮಿನಾಳ ಹೆಸರು ಬರೆದಳು.

ನಮ್ಮ ಆಫೀಸಿನ ಸೂರಿಗೆ ಅಂಟಿದ್ದ ಫೋನೊಂದು ಗೇಣುದ್ದ ಕೆಳಗಿಳಿಯಿತು.

ಕೊಡದವನ ಹೆಸರು ಬರೆದಳು. ಇನ್ನೊಂದಿಷ್ಟು ಇಳಿಯಿತು. ಅವಳು ಬರೆಯುತ್ತ ಹೋದಂತೆ ಹೊರಗಿನಿಂದ ಕೇಕೆ ಕೇಳಿಸಿತು. ಊರಿನ ಫೋನುಗಳೆಲ್ಲ ಇಳಿದು ಬರುತ್ತಿದ್ದವು, ಜನ ಸೆರಗೊಡ್ಡಿ ಟವೆಲ್ಲೊಡ್ಡಿ ಹಿಡಿಯುತ್ತಿದ್ದರು. ಎಲ್ಲರ ಹೆಸರೂ ಮುಗಿದ ಮೇಲೆ ಕಡೆಯದಾಗಿ ತನ್ನ ಹೆಸರನ್ನೂ ಸೇರಿಸಿದಳು. ಫೋನು ಅವಳ ಅಂಗೈಗೆ ಬಂದು ತಣ್ಣಗೆ ಕೂತಿತು.

ಜಯಸಿಂಹ ಚಪ್ಪಾಳೆ ತಟ್ಟಿದ. ತಟ್ಟಿ, "ಹಾಗಾದ್ರೆ ಹೆಸ್ರುಗಳು ಇರ್ಲಿ, ಜನ ಬೇಡ" ಎಂದ. ಯಾವ ದುರುದ್ದೇಶವೂ ಇರಲಿಲ್ಲ ಪಾಪ, ಮ್ಯಾನೇಜರಾದವರಿಗೆ ಹಾಗೆ ಕಾಣುವುದೇ ಸಹಜ. ಬರೆದಿಟ್ಟ ಮೇಲ್‌ಗಳಲ್ಲಿ ಮೊದಲನೆಯದನ್ನು ಫಿಲೋಮಿನಾಳಿಗೆ ಕಳಿಸಿಯೇ ಬಿಟ್ಟ. ನೆಲದ ಮೇಲಿದ್ದ ಅವಳ ಫೋನಿನ ಕೆಳಗೆ ಚಪ್ಪಡಿ ಕಲ್ಲು ಚಟ್ಟೆಂದು ಬಿರುಕುಬಿಟ್ಟಿತು. ಅದು ಎಲ್ಲರೂ ಎಣಿಸಿದ್ದೇ. ಎಣಿಸದೇ ಇದ್ದದ್ದು ಆಮೇಲೆ ನಡೆಯಿತು. ಪುಟದಲ್ಲಿದ್ದ ಫಿಲೋಮಿನಾಳ ಹೆಸರಿನ ತೂಕ ಅದೇ ಗಳಿಗೆಯಲ್ಲಿ ಏರಿತು. ಊರಿನಲ್ಲಿ ಪುಟ ತೆರೆದುಕೊಂಡಿದ್ದವರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಎಂದದ್ದು ನಮಗೆ ಕಿಟಕಿಯಿಂದ ಕೇಳಿಸಿತು. ಮೆಟ್ಟಿಲ ಮೇಲೆ ಸಾವಂತ್ರಮ್ಮ ಫೋನಿನ ಜೊತೆಗೇ ಕೂತುಬಿಟ್ಟಿದ್ದಳು.

"ಅವಳ ಹೆಸರು ತೆಗೀರಿ, ತೆಗೀರಿ!" ಎಂದ ಜಯಸಿಂಹ.

"ತೆಗಿಯಲ್ಲ. ನೀವು ಕೆಲ್ಸಕ್ಕೆ ವಾಪಸ್ ತಗೊಳ್ಳಿ" ಎಂದಳು ಕುಸುಮಾಕ್ಷಿ. ಅವಳು ಜೋರಾಗಿ ಹೇಳಲಿಲ್ಲ. ಇನ್ನೊಂದು ಮೇಲ್ ಕಳಿಸಲು ಜಯಸಿಂಹನ ಬೆರಳು ಬರಲಿಲ್ಲ, ಬಿರುಕುಬಿಟ್ಟ ಚಪ್ಪಡಿಯ ಇನ್ನೊಂದು ತುದಿಯಲ್ಲಿ ಅವನೇ ನಿಂತಿದ್ದ.

"ತಗೊಂಡು ಏನ್ ಕೆಲ್ಸ ಕೊಡ್ಲಿ? ಗಿಣಿಯೇ ಇಲ್ವಲ್ರೀ!"

ಆಗ ಆಫೀಸಿನ ಹಳೆಯ ಫೋನು, ಗೋಡೆಯದು, ಬಡಿದುಕೊಳ್ಳತೊಡಗಿತು. ಹತ್ತಿರವಿದ್ದ ಫಿಲೋಮಿನಾ ಎತ್ತಿಕೊಂಡಳು. ಕೆಳಗಿನ ಬೀದಿಯ ಗಂಡಸೊಬ್ಬ, ಆ ಫೋನಿನಲ್ಲಿ ಎಲ್ಲರ ದನಿಯೂ ಹೊರಗೆ ಕೇಳುತ್ತದೆ.

"ಗಿಣಿ ಇಲ್ವಾ?"

"ಗಿಣಿ ಹೋಯ್ತು, ನಾನಿದೀನಿ. ಏನ್ ಬೇಕು ಹೇಳಿ."

"ನೀರು ಯಾವಾಗಮ್ಮಾ?"

"ಇವತ್ತಿಂದು ಹೋಯ್ತು. ನಾಳೆ ಬೆಳಗ್ಗೆ ಬರುತ್ತೆ, ಬಿಂದಿಗೆ ತೊಳೆದಿಟ್ಕೊಳ್ಳಿ."

ಅವನು ಅದನ್ನೇ ಮನೆಯೊಳಗಿನವರಿಗೆ ಕೂಗಿ ಹೇಳಿದ. ಆಮೇಲೆ, "ಇಷ್ಟು ಹೇಳೋಕೆ ಆ ಗಿಣಿಗೆ ಮೂರೊರ್ಸದಿಂದ ಆಗ್ಲಿಲ್ವಲ್ಲಮ್ಮಾ" ಎಂದ. ಇಟ್ಟ ಕೂಡಲೇ ಮತ್ತೊಂದು ಕರೆ ಬಂತು. ಜಯಸಿಂಹ ಅದನ್ನು ನೋಡುತ್ತ ನಿಂತು, ಕಡೆಗೆ ತಾನು ಕಳಿಸಿದ ಮೇಲ್ ತಪ್ಪಾಗಿ ಹೋಯಿತೆಂದು ಇನ್ನೊಂದು ಮೇಲ್ ಕಳಿಸಿದ. ಅದು ಒಂದೇ ಸಾಲಿನದು. ಹೊರಗೆ ಸಾವಂತ್ರಮ್ಮ ಎದ್ದು ನಿಂತಳು.

ಇಲ್ಲಿಗೆ ಮುಗಿಯಿತೆಂದು ನೀವು ಗಡಿಯಾರ ನೋಡುತ್ತಿದ್ದೀರಿ. ಇನ್ನೂ ತೂಗುವುದಿತ್ತಲ್ಲ ಮೇಡಂ. ಯುಗಾದಿಯ ಹಿಂದಿನ ದಿನ ಅಧ್ಯಕ್ಷರೇ ಮಂಡಿಗೆ ಬಂದರು, ಅಂಗಡಿಯಿಂದ ಆರಿಸಿದ ನಿಂಬೆಹಣ್ಣನ್ನು ತಾವೇ ತಟ್ಟೆಯಲ್ಲಿಟ್ಟರು. ಇನ್ನೊಂದು ತಟ್ಟೆಯಲ್ಲಿ ಪುಟ ತೆರೆದ ಫೋನು. ಮುನಿಯಪ್ಪನ ಹೆಬ್ಬೆರಳನ್ನು ಪೊಲೀಸಿನವನೊಬ್ಬ ಹಿಡಿದುಕೊಂಡಿದ್ದ. ತಕ್ಕಡಿ ಆಡಿತು, ಆಡಿತು, ನಮ್ಮ ಕಡೆಗೆ ಒಂದಿಷ್ಟು ವಾಲಿ ನಿಂತಿತು.

"ಒಂದ್ ಹೆಸರು ಜಾಸ್ತಿ" ಎಂದ ಮುನಿಯಪ್ಪ.

ಅಧ್ಯಕ್ಷರು ಆಗದೆಂದು ತಲೆ ಅಲ್ಲಾಡಿಸಿದರು. ದೊಡ್ಡ ನಿಂಬೆಹಣ್ಣು ತರಲೇ ಎಂದು ಕೊಡದವನು ಪಿಸುಗುಟ್ಟಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ಯಾರನ್ನಾದರೂ ಕೆಲಸದಿಂದ ತೆಗೆದರೆ ಹೆಸರು ಕಲ್ಲಾಗುತ್ತದೆ. ಕೆಲಸದಲ್ಲಿ ಇಟ್ಟುಕೊಂಡು ಹೆಸರು ಅಳಿಸೋಣವೆಂದರೆ, ಬೆರಳಿಡಲು ಜಾಗ ಇಲ್ಲದವರನ್ನು ಜಯಸಿಂಹ ಎಷ್ಟು ದಿನ ಇಟ್ಟುಕೊಂಡಾನು? ತಾವಾಗಿಯೇ ಒಬ್ಬರು ಹೊರಟರೆ ಮಾತ್ರ ಸರಿಹೋಗುತ್ತಿತ್ತು, ಅದೂ ಮುನಿಸಿಕೊಳ್ಳದೆ.

"ನಂದ್ ತೆಗಿತೀನಿ" ಎಂದಳು ಕುಸುಮಾಕ್ಷಿ.

"ಹುಚ್ಚಾ ನಿಂಗೆ? ಪುಟ ಕಟ್ಟಿದವಳೇ ನೀನು" ಎಂದಳು ಫಿಲೋಮಿನಾ. "ನಂದ್ ತೆಗಿ. ವಯಸ್ಸಾಯ್ತು ನಂಗೆ."

"ಸುಮ್ನಿರೇ. ನಿನ್ ಮನೇಲಿ ಯಾರ್ ದುಡೀತಾರೆ?"

"ಅದ್ ನನ್ ತಲೆನೋವು."

"ನಿನ್ ತಲೆನೋವಿಗೆ ಮಾತ್ರೆ ಕೊಡೋಳು ನಾನೇ ತಾನೆ ದಿನಾ?"

ಇಬ್ಬರೂ ಒಂದೇ ಲ್ಯಾಪ್‌ಟಾಪನ್ನು ಆ ಕಡೆ ಈ ಕಡೆ ಎಳೆದಾಡತೊಡಗಿದರು. ಅವಳು ಇವಳ ಹೆಸರು ಉಳಿಸಲು, ಇವಳು ಅವಳ ಹೆಸರು ಉಳಿಸಲು. ನಾನು ನಿಂತು ನೋಡಿದೆ. ನೋಡುತ್ತ ನೋಡುತ್ತ ನನಗೆ ವಿಪರೀತ ಸಿಟ್ಟು ಬಂತು. ನನ್ನ ಹಿಮದ ಬಗ್ಗೆ ಅಲ್ಲಿ ಯಾರೂ ಚಕಾರ ಎತ್ತುತ್ತಿರಲಿಲ್ಲ.

"ನೋಡಿ, ನನ್ ಹಿಮಕ್ಕೆ ಬೆಲೆ ಇಲ್ಲದ ಕಂಪನೀಲಿ ನಾನು ಒಂದ್ ನಿಮಿಷಾನೂ ಇರಲ್ಲ" ಎಂದೆ. "ನನ್ ಹೆಸರು ತೆಗೀರಿ. ಸಂತೋಷವಾಗಿ ಹೋಗ್ತೀನಿ."

ಮಂಡಿಯೆಲ್ಲ ನನ್ನ ಕಡೆ ತಿರುಗಿತು.

"ಕೇಶವಣ್ಣ, ನಿಮ್ ಹಿಮಕ್ಕೆ ಯಾರೂ ಏನೂ ಅಂದಿಲ್ಲ" ಎಂದಳು ಕುಸುಮಾಕ್ಷಿ.

"ಅದೇ ನಂಗೆ ಬೇಜಾರು."

"ಸಿಟ್ಟಲ್ಲಿ ಹೋದ್ರೆ ಹೆಸರು ಭಾರ ಆಗುತ್ತೆ."

"ಸಿಟ್ಟು ನಿಮ್ಮ ಮೇಲಲ್ಲ, ಹವಾಮಾನದ ಮೇಲೆ. ಹಿಮ ಬೀಳೋ ಕಡೆ ಹೋಗಿ ಕೆಲ್ಸ ಹುಡುಕ್ತೀನಿ."

ಅವಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನನ್ನನ್ನು ನೋಡಿದಳು. ನಾನು ಮುನಿಯಪ್ಪನ ಬೆಲ್ಲವನ್ನು ನೋಡಿದೆ, ಆ ವರ್ಷ ಬೆಲ್ಲ ಚೆನ್ನಾಗಿತ್ತು. ಆಮೇಲೆ ಅವಳು ನನ್ನ ಹೆಸರು ಅಳಿಸಿದಳು. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು, ಈ ಕಡೆ ನಿಂಬೆಹಣ್ಣು, ಆ ಕಡೆ ಪುಟ. ಊರವರು ಕೂಗಿದ ಕೂಗಿಗೆ ಗುಬ್ಬಿಗಳು ಮತ್ತೆ ಎದ್ದವು. ಅಧ್ಯಕ್ಷರು ನಿಂಬೆಹಣ್ಣು ಹಿಂಡಿಸಿ ಪಾನಕ ಕುಡಿದರು.

ಹಾಗಾಗಿ ಮೇಡಂ, ಕೆಲಸ ಬಿಡಲು ಕಾರಣ ಎಂಬಲ್ಲಿ ನೀವು 'ಹಿಮ' ಎಂದು ಬರೆದುಕೊಳ್ಳಬಹುದು. ಆ ಕಂಪನಿಗೆ ಫೋನು ಮಾಡಿ ವಿಚಾರಿಸಿದರೆ ಫಿಲೋಮಿನಾಳೇ ಎತ್ತುತ್ತಾಳೆ, ಅವಳು ಬೇರೇನಾದರೂ ಹೇಳಿದರೆ ನಂಬಬೇಡಿ, ಅವಳದು ಮೊದಲಿನಿಂದಲೂ ಸ್ವಲ್ಪ ಮೆತ್ತನೆಯ ಸ್ವಭಾವ. ಹಿಮವಲ್ಲದೆ ಇನ್ನೇನಾದರೂ ಇತ್ತೇ ಎಂದು ನೀವು ಒತ್ತಾಯ ಮಾಡಿ ಕೇಳುವುದಾದರೆ, ಸುಳ್ಳು ಹೇಳುವುದಿಲ್ಲ ಎಂದಿದ್ದೇನೆ, ಹೇಳಲೇಬೇಕು. ಆ ಹೊತ್ತಿನಲ್ಲಿ ಅವರಿಬ್ಬರೂ ಆ ಲ್ಯಾಪ್‌ಟಾಪನ್ನು ಹಿಡಿದುಕೊಂಡಿದ್ದ ರೀತಿ ಇತ್ತಲ್ಲ, ಒಬ್ಬಳೂ ಬಿಡಲೊಲ್ಲಳು, ಅದನ್ನು ನೋಡಿ ನನಗೆ ಏನನ್ನಿಸಿತೆಂದರೆ, ಇಷ್ಟು ವರ್ಷ ಕೆಲಸ ಮಾಡಿ ನಾನು ಒಂದೇ ಒಂದು ಸಲವಾದರೂ ಇನ್ನೊಬ್ಬರಿಗಾಗಿ... ಅರೆ, ಎದ್ದಿರಿ ಯಾಕೆ ಮೇಡಂ? ಮುಖ್ಯವಾದದ್ದು ಈಗಷ್ಟೇ ಬರುತ್ತಿದೆ, ಕೂತುಕೊಳ್ಳಿ, ಅದೇನೆಂದರೆ ನಾನು ಆ ಕ್ಷಣಕ್ಕೆ... ಮೇಡಂ, ಬಾಗಿಲು ಆ ಕಡೆಗಲ್ಲ, ಈ ಕಡೆಗೆ...